ಅದಿರು ತೀರುವ ಮುನ್ನ

ಐಚ್ಛಿಕ ಕನ್ನಡವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ‘ಕಬ್ಬಿಣ’ ಎಂಬ ಪದ ಗಂಭೀರವಾಗಿ ಎದುರಾಗುವುದು ಬಹುಶಃ ಭಾಷಾಶಾಸ್ತ್ರದ ತರಗತಿಯಲ್ಲಿ. ಹಳಗನ್ನಡದಲ್ಲಿ ಅದು ‘ಕರ್ಬೊನ್’. ಕರಿದಾದ ಪೊನ್, ಅಂದರೆ ಕಪ್ಪು ಲೋಹ. ಪಕಾರಕ್ಕೆ ಬಕಾರ ಆದೇಶವಾಗಿ, ರೇಫೆಯು ಮುಂದಿನ ವ್ಯಂಜನದಲ್ಲಿ ಲೀನವಾಗಿ, ‘ಕರ್ಬುನ’ವು ‘ಕಬ್ಬುನ’ವೂ ಕಡೆಗೆ ‘ಕಬ್ಬಿಣ’ವೂ ಆಯಿತು. ಈ ರೂಪಗಳನ್ನು ಕ್ರಮವಾಗಿ ಬರೆದರೆ ಪರೀಕ್ಷೆಯಲ್ಲಿ ಅಂಕ ದೊರೆಯುತ್ತದೆ. ಆದರೆ ಆ ಕಪ್ಪು ಲೋಹವನ್ನು ಕಲ್ಲಿನಿಂದ ಬೇರ್ಪಡಿಸಿದವರು ಯಾರು, ಅವರು ಯಾವ ಊರಿನವರು, ತಮ್ಮ ಕೆಲಸದ ಒಂದೊಂದು ಹಂತವನ್ನು ಯಾವ ಮಾತಿನಿಂದ ಕರೆಯುತ್ತಿದ್ದರು ಎಂಬ ಪ್ರಶ್ನೆಗಳು ನಮ್ಮ ತರಗತಿಯಲ್ಲಿ ಏಳುವುದು ಅಪರೂಪ. ಅದಿರಿನಿಂದ ರೂಪುಗೊಂಡ ಊರುಗಳ ಬದುಕು ಮತ್ತು ನುಡಿ ಕನ್ನಡ ವಿಭಾಗದ ಅಧ್ಯಯನಕ್ಕೆ ವಸ್ತುವಾಗಬೇಕು. ಅದಿರು ತೀರಿ ಊರು ಮೌನವಾಗುವ ಮುನ್ನವೇ ಆ ಕೆಲಸ ನಡೆಯಬೇಕು. ಈ ಅಭಿಪ್ರಾಯವನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ದೂರದ ಊರನ್ನು ನೋಡೋಣ. ಆಸ್ಟ್ರಿಯ ದೇಶದ ದಕ್ಷಿಣಕ್ಕೆ, ಆಲ್ಪ್ಸ್ ಪರ್ವತಶ್ರೇಣಿಯ ಕರಿಂಥಿಯ ಪ್ರಾಂತದಲ್ಲಿ, ಹ್ಯುಟ್ಟೆನ್‌ಬೆರ್ಗ್ ಎಂಬ ಸಣ್ಣ ಸಂತೆಯೂರಿದೆ. ಜರ್ಮನ್ ಭಾಷೆಯಲ್ಲಿ ‘ಬೆರ್ಗ್’ ಎಂದರೆ ಬೆಟ್ಟ; ‘ಹ್ಯುಟ್ಟೆ’ ಎಂಬುದಕ್ಕೆ ಗುಡಿಸಲು ಎಂಬ ಅರ್ಥದೊಡನೆ ಅದಿರು ಕರಗಿಸುವ ಕುಲುಮೆಮನೆ ಎಂಬ ಅರ್ಥವೂ ಉಂಟು. ಪಕ್ಕದ ನೆಲೆಯ ಹೆಸರು ಕ್ನಾಪ್ಪೆನ್‌ಬೆರ್ಗ್, ಎಂದರೆ ಗಣಿಗಾರರ ಬೆಟ್ಟ. ಊರಿನ ಕಸುಬು ಊರಿನ ಹೆಸರಿನಲ್ಲಿಯೇ ಕುಳಿತಿದೆ. ಈ ಸೀಮೆಯ ಲೋಹವನ್ನು ರೋಮನ್ನರು ‘ನೋರಿಕದ ಕಬ್ಬಿಣ’ವೆಂದು ಮೆಚ್ಚಿ ತರಿಸಿಕೊಳ್ಳುತ್ತಿದ್ದರು. ಅಷ್ಟು ಪ್ರಾಚೀನವಾದ ಗಣಿಗಾರಿಕೆ 1978ರಲ್ಲಿ ನಿಂತುಹೋಯಿತು.

ಗಣಿ ಮುಚ್ಚಿದ ಮೇಲೆ ಆ ಊರು ಏನು ಮಾಡಿತೆಂಬುದು ಗಮನಾರ್ಹ. ಸುರಂಗದ ಒಂದು ಭಾಗವನ್ನು ನೋಡುಗರಿಗಾಗಿ ಉಳಿಸಿಕೊಂಡಿತು. ಹಳೆಯ ಕುಲುಮೆಯ ಕಟ್ಟಡಗಳನ್ನು ಕೆಡವದೆ ಪ್ರದರ್ಶನಕ್ಕೆ ತೆರೆಯಿತು. ಗಣಿಗಾರರು ಕಮಾನುಗಳನ್ನು ಹಿಡಿದು ಕುಣಿಯುತ್ತಿದ್ದ ಸಾಂಪ್ರದಾಯಿಕ ಕುಣಿತ ಮೂರು ವರ್ಷಗಳಿಗೊಮ್ಮೆ ಇಂದಿಗೂ ನಡೆಯುತ್ತದೆ. ಇದರಿಂದ ಊರಿನ ಜನರಿಗೆ ಹಿಂದಿನಷ್ಟು ಉದ್ಯೋಗ ದೊರೆಯಿತೆಂದು ಯಾರೂ ಹೇಳಲಾರರು. ಗಣಿ ಹೋದ ಊರಿನಿಂದ ಯುವಕರು ಹೊರಹೋಗುವುದು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ. ಆದರೆ ‘ನಾವು ಯಾರು, ನಮ್ಮ ಹಿರಿಯರು ಏನು ಮಾಡುತ್ತಿದ್ದರು’ ಎಂಬ ಪ್ರಶ್ನೆಗೆ ಆ ಊರಿನ ಮಗುವಿಗೆ ತನ್ನ ಭಾಷೆಯಲ್ಲಿ ಉತ್ತರ ಸಿಗುತ್ತದೆ. ಅದಿರು ಹೋದರೂ ಮಾತು ಉಳಿದಿದೆ.

ನಮ್ಮಲ್ಲಿ ಇಂಥ ಎಚ್ಚರವಿಲ್ಲದ್ದರಿಂದ ಆದ ನಷ್ಟಕ್ಕೆ ‘ಉಕ್ಕು’ ಎಂಬ ಪದವೇ ಸಾಕ್ಷಿ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಒಂದು ಪ್ರಬಂಧವನ್ನು ಮಂಡಿಸಿದನು. ಮುಂಬಯಿಯಿಂದ ಬಂದ, ‘ವೂಟ್ಜ್’ ಎಂದು ಕರೆಯಲ್ಪಡುವ ಒಂದು ಬಗೆಯ ಗಟ್ಟಿ ಲೋಹದ ಪರೀಕ್ಷೆ ಅದರ ವಿಷಯ. ಈ ‘ವೂಟ್ಜ್’ ಕನ್ನಡ ತೆಲುಗುಗಳ ‘ಉಕ್ಕು’ ಎಂಬ ಪದವೇ, ಪರಕೀಯರ ಕಿವಿಯಲ್ಲಿಯೂ ಲೇಖನಿಯಲ್ಲಿಯೂ ರೂಪ ಬದಲಿಸಿಕೊಂಡದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಮುಂದೆ ಮೈಕೆಲ್ ಫ್ಯಾರಡೆಯಂಥ ಮಹಾವಿಜ್ಞಾನಿ ಕೂಡ ಈ ಉಕ್ಕಿನ ಗುಟ್ಟನ್ನು ಅರಿಯಲು ಪ್ರಯೋಗಗಳನ್ನು ಮಾಡಿದನು. ನಮ್ಮ ಪದವೊಂದು ಯುರೋಪಿನ ಲೋಹವಿಜ್ಞಾನದ ಗ್ರಂಥಗಳಲ್ಲಿ ಸ್ಥಾನ ಪಡೆದದ್ದು ಹೆಮ್ಮೆಯ ಸಂಗತಿಯೇ ಸರಿ.

ಆದರೆ ಹೆಮ್ಮೆಯ ಜೊತೆಗೆ ಒಂದು ಲೆಕ್ಕವನ್ನೂ ಕೇಳಬೇಕು. ಮೆದು ಕಬ್ಬಿಣದ ಚೂರುಗಳನ್ನು ಮಣ್ಣಿನ ಸಣ್ಣ ಮೂಸೆಯಲ್ಲಿ ಆವರಿಕೆಯಂಥ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಲೋಹದೊಳಗೆ ಸೇರಿ ಉಕ್ಕಿನ ಗಟ್ಟಿ ಸಿದ್ಧವಾಗುತ್ತಿತ್ತು. ಎಷ್ಟು ಹೊತ್ತು ಊದಬೇಕು, ಬೆಂಕಿಯ ಬಣ್ಣ ಯಾವುದಾದಾಗ ನಿಲ್ಲಿಸಬೇಕು, ಮೂಸೆಯನ್ನು ಅಲುಗಿಸಿದಾಗ ಒಳಗಿನ ಲೋಹ ಕರಗಿದೆಯೆಂದು ಹೇಗೆ ತಿಳಿಯಬೇಕು ಎಂಬ ಒಂದೊಂದಕ್ಕೂ ಅವರಲ್ಲಿ ಮಾತುಗಳಿದ್ದಿರಲೇಬೇಕು. ಮಾತಿಲ್ಲದೆ ತಂದೆ ಮಗನಿಗೆ ಕಸುಬು ಕಲಿಸಲಾರ. ಇಂದು ಆ ಕುಲುಮೆಗಳ ವಿವರವನ್ನು ತಿಳಿಯಬಯಸುವವರು ಮುಖ್ಯವಾಗಿ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ತೆರೆಯಬೇಕು. ಕುಲುಮೆಯ ಅಳತೆ, ಕೆಲಸಗಾರರ ಸಂಖ್ಯೆ, ಉತ್ಪತ್ತಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಅವನು ಶ್ರದ್ಧೆಯಿಂದ ದಾಖಲಿಸಿದ್ದಾನೆ. ಅವನಿಗೆ ನಾವು ಕೃತಜ್ಞರು. ಆದರೂ ಅದು ಈಸ್ಟ್ ಇಂಡಿಯಾ ಕಂಪನಿಗಾಗಿ ಹೊರಗಿನವನೊಬ್ಬ ಕಂಡ ನೋಟ. ತಿದಿಯೊತ್ತಿದವನ ಮಾತು ಅಲ್ಲಿಲ್ಲ. ಅಗ್ಗದ ವಿಲಾಯತಿ ಕಬ್ಬಿಣ ಹಡಗಿನಲ್ಲಿ ಬಂದಿಳಿದು, ಅರಣ್ಯ ಕಾನೂನುಗಳಿಂದ ಇದ್ದಿಲು ದುರ್ಲಭವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕುಲುಮೆಗಳು ಒಂದೊಂದಾಗಿ ಆರಿಹೋದವು. ಅವುಗಳೊಡನೆ ಒಂದು ಶಬ್ದಭಂಡಾರವೂ ಆರಿಹೋಯಿತು. ‘ಉಕ್ಕು’ ಉಳಿಯಿತು, ಉಕ್ಕಿನ ಭಾಷೆ ಉಳಿಯಲಿಲ್ಲ.

ಅದು ಹಳೆಯ ಕಾಲದ ಮಾತಾಯಿತು ಎನ್ನುವವರಿಗೆ ಕುದುರೆಮುಖದ ಉದಾಹರಣೆ ಇದೆ. ಪಶ್ಚಿಮ ಘಟ್ಟದ ಆ ಮಳೆಕಾಡಿನಲ್ಲಿ ಕಬ್ಬಿಣದ ಅದಿರಿರುವುದನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗುರುತಿಸಿದ್ದರು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿನೊಡನೆ ಒಪ್ಪಂದವಾಯಿತು, ಅಲ್ಲಿಯ ಕ್ರಾಂತಿಯ ತರುವಾಯ ಆ ಒಪ್ಪಂದ ಮುರಿದುಬಿದ್ದಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಘಟ್ಟದಿಂದ ಮಂಗಳೂರಿನ ಕಡಲತೀರಕ್ಕೆ ಇಳಿಸುವ ವ್ಯವಸ್ಥೆ ನಿರ್ಮಾಣವಾಯಿತು. ಕಂಪನಿಯೇ ಕಟ್ಟಿದ ಊರು, ಕಂಪನಿಯದೇ ಶಾಲೆ, ಆಸ್ಪತ್ರೆ, ಅಂಗಡಿಸಾಲು. ಭದ್ರಾ ನದಿಗೂ ಕಾಡಿಗೂ ಆಗುತ್ತಿದ್ದ ಹಾನಿಯ ವಿರುದ್ಧ ದೀರ್ಘ ಹೋರಾಟ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ತೀರ್ಪು ನ್ಯಾಯವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕೆಲಸ ನಿಂತೊಡನೆ ಊರು ಬರಿದಾಗತೊಡಗಿತು. ಗಣಿಗೆ ಮೊದಲಿನ ಸಂತೆಯಾಗಲಿ ತಲೆಮಾರುಗಳ ಬೇಸಾಯವಾಗಲಿ ಆ ಹೊಸ ಬಡಾವಣೆಗೆ ಇರಲಿಲ್ಲ. ಆದ್ದರಿಂದ ನಿಲ್ಲಲು ಬೇರೆ ಆಧಾರವೂ ಇರಲಿಲ್ಲ. ಮೂರು ದಶಕಗಳ ಕಾಲ ಅಲ್ಲಿ ದುಡಿದವರು ಹತ್ತೂ ಕಡೆಗೆ ಚದುರಿದರು.

ಈಗ ಸಂಡೂರಿಗೆ ಬರೋಣ. ಕುದುರೆಮುಖಕ್ಕೂ ಸಂಡೂರಿಗೂ ನೇರ ನಂಟಿದೆ. ಕುದುರೆಮುಖದಲ್ಲಿ ಗಣಿ ಕಳೆದುಕೊಂಡ ಅದೇ ಸಂಸ್ಥೆಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಗುತ್ತಿಗೆ ದೊರೆತಿದೆ. ಅದಕ್ಕಾಗಿ ಅರಣ್ಯಭೂಮಿಯನ್ನು ಬಿಟ್ಟುಕೊಡಬೇಕೆ ಎಂಬ ವಿಷಯದಲ್ಲಿ 2024ರಲ್ಲಿ ಕೇಂದ್ರಕ್ಕೂ ಕರ್ನಾಟಕ ಸರಕಾರಕ್ಕೂ ಬಹಿರಂಗ ವಿವಾದವೇ ನಡೆಯಿತು. ಒಂದು ಬೆಟ್ಟದ ಕಥೆ ಮುಗಿದಲ್ಲಿ ಇನ್ನೊಂದು ಬೆಟ್ಟದ ಕಥೆ ಆರಂಭವಾಗುತ್ತದೆ.

ಸಂಡೂರು ಸುತ್ತಲೂ ಬೆಟ್ಟಸಾಲುಗಳಿರುವ ಕಣಿವೆಯ ಊರು. ಕಣಿವೆಯ ನಡುವೆ ಹರಿಯುವ ನಾರಿಹಳ್ಳ ಬೆಟ್ಟಗಳನ್ನು ಸೀಳಿಕೊಂಡು ಸಾಗುವ ಕಿರಿದಾದ ಎಡೆಗಳಿಗೆ ಓಬಳಗಂಡಿ, ಭೀಮಗಂಡಿ ಎಂದು ಹೆಸರು. ‘ಗಂಡಿ’ ಎಂಬ ಈ ಮಾತನ್ನು ಕೇಳಿದಾಗ ಮರಾಠಿಯ ‘ಖಿಂಡ್’ ನಮ್ಮ ನೆನಪಿಗೆ ಬಾರದಿರದು. ನಮ್ಮ ಉದಗೀರ, ನಿಲಂಗಾ, ಉಮರಗಾ ತಾಲ್ಲೂಕುಗಳ ಕಪ್ಪು ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದ ಆದದ್ದು. ಸಂಡೂರಿನ ಕಲ್ಲಾದರೋ ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಪ್ರಾಚೀನ. ಕೆಂಪು ಅದಿರು ಮತ್ತು ಬಿಳಿಯ ಸ್ಫಟಿಕ ಶಿಲೆ ಸೀರೆಯ ಅಂಚಿನಂತೆ ಪಟ್ಟೆಪಟ್ಟೆಯಾಗಿ ಕೂಡಿಕೊಂಡಿರುವ ಆ ಕಲ್ಲು ಸೇರುವ ಶಿಲಾವರ್ಗಕ್ಕೆ ರಾಬರ್ಟ್ ಬ್ರೂಸ್ ಫೂಟ್ ‘ಧಾರವಾಡ’ದ ಹೆಸರನ್ನಿಟ್ಟನು. ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂದಿಗೂ ಬಳಸುವ ಕನ್ನಡ ನೆಲದ ಹೆಸರು ಅದು.

ಗಡಿಯವರಾದ ನಮಗೆ ಸಂಡೂರು ಇನ್ನೊಂದು ಕಾರಣಕ್ಕೆ ಹತ್ತಿರದ್ದಾಗಬೇಕು. ಹದಿನೆಂಟನೆಯ ಶತಮಾನದಲ್ಲಿ ಆ ಕಣಿವೆ ಘೋರ್ಪಡೆ ಎಂಬ ಮರಾಠಾ ಮನೆತನದ ವಶವಾಯಿತು. ನಡುವೆ ಹೈದರ್, ಟಿಪ್ಪು, ಪೇಶ್ವೆಯರೊಡನೆ ನಡೆದ ಏಳುಬೀಳುಗಳನ್ನು ದಾಟಿ ಅದು ಸಣ್ಣ ಸಂಸ್ಥಾನವಾಗಿ ಉಳಿಯಿತು. 1949ರಲ್ಲಿ ಮದರಾಸು ಪ್ರಾಂತಕ್ಕೂ 1953ರಲ್ಲಿ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೂ ಸೇರಿತು. ಮರಾಠಿ ಮೂಲದ ಅರಸರು, ಕನ್ನಡದ ಪ್ರಜೆಗಳು. ನಮ್ಮ ಕಡೆ ಇದರ ಪ್ರತಿಬಿಂಬವನ್ನು ಕಾಣಬಹುದು. ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಹೋದವು. ಉಮರಗಾ ಉಸ್ಮಾನಾಬಾದ ಜಿಲ್ಲೆಯೊಡನೆ ಅದೇ ದಿನ ಅದೇ ರಾಜ್ಯವನ್ನು ಸೇರಿತು. ಮನೆಯೊಳಗೆ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎಂಬ ಅನುಭವ ಸಂಡೂರಿನವರಿಗೂ ನಮಗೂ ಹೊಸತಲ್ಲ. ತನ್ನ ಊರಿನ ಭವಿಷ್ಯ ತನ್ನದಲ್ಲದ ಭಾಷೆಯ ಕಾಗದಗಳಲ್ಲಿ ತೀರ್ಮಾನವಾಗುವುದೆಂದರೆ ಏನೆಂಬುದನ್ನು ನಾವು ಬಲ್ಲೆವು. ಸಂಡೂರಿನ ಗಣಿಯ ಕಥೆಯೂ ಇದೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜನರಲ್ ಸಂಡೂರು ಮೈನಿಂಗ್ ಕಂಪನಿ ಅಲ್ಲಿ ಮ್ಯಾಂಗನೀಸ್ ಅಗೆಯತೊಡಗಿತು. 1954ರಲ್ಲಿ ಘೋರ್ಪಡೆ ಮನೆತನದವರ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ ಸ್ಥಾಪಿತವಾಯಿತು. ಎಪ್ಪತ್ತರ ದಶಕದಲ್ಲಿ ಕೇಂದ್ರ ಸರಕಾರದ ಖನಿಜ ನಿಗಮ ದೋಣಿಮಲೆಯಲ್ಲಿ ಕೆಲಸ ಆರಂಭಿಸಿತು. ತಾಲ್ಲೂಕಿನ ತೋರಣಗಲ್ಲಿನಲ್ಲಿ ಭಾರಿ ಉಕ್ಕಿನ ಕಾರ್ಖಾನೆ ಎದ್ದಿತು. ಈ ಶತಮಾನದ ಆರಂಭದಲ್ಲಿ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಬಳ್ಳಾರಿ ಜಿಲ್ಲೆಯ ಸ್ವರೂಪವೇ ಬದಲಾಯಿತು. ಹಗಲಿರುಳೆನ್ನದೆ ಓಡುವ ಲಾರಿಗಳು, ಮನೆ, ಮರ, ಬೆಳೆಗಳ ಮೇಲೆ ಕವಿದ ಕೆಂದೂಳು, ಬೇಸಾಯ ಬಿಟ್ಟು ಅದಿರು ಆರಿಸಲು ಹೋದ ಹೆಂಗಸರು ಮತ್ತು ಮಕ್ಕಳು ಆ ದಿನಗಳ ಪತ್ರಿಕೆಗಳ ನಿತ್ಯದ ಸುದ್ದಿಯಾದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಎರಡು ದಿನಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಅತಿಯಾಗಿ ನಿಯಮ ಮೀರಿದವುಗಳ ಗುತ್ತಿಗೆಯನ್ನು ರದ್ದುಗೊಳಿಸಿತು. ಬಳ್ಳಾರಿಯಿಂದ ವರ್ಷಕ್ಕೆ ಎರಡೂವರೆ ಕೋಟಿ ಟನ್ನು ಅದಿರನ್ನು ಮಾತ್ರ ತೆಗೆಯಬೇಕೆಂಬ ಮಿತಿ ಬಂದಿತು. ಅನಂತರದ ವರ್ಷಗಳಲ್ಲಿ ಆ ಮಿತಿಯೂ ಏರಿತು.

ಈ ಇತಿಹಾಸವನ್ನು ಓದಬಯಸುವ ವಿದ್ಯಾರ್ಥಿಗೆ ಏನು ಸಿಗುತ್ತದೆ? ಲೋಕಾಯುಕ್ತ ವರದಿ ಇಂಗ್ಲಿಷಿನಲ್ಲಿದೆ. ತೀರ್ಪು ಇಂಗ್ಲಿಷಿನಲ್ಲಿದೆ. ಫೂಟನ ಭೂವಿಜ್ಞಾನವೂ ಇಂಗ್ಲಿಷಿನಲ್ಲಿಯೇ ಇದೆ. ಕನ್ನಡ ಪತ್ರಿಕೆಗಳು ಆ ದಿನಗಳಲ್ಲಿ ಧೈರ್ಯದಿಂದ ಬರೆದವು, ನಿಜ. ಅವು ನಮ್ಮ ಭಾಷೆಗೆ ‘ಗಣಿಧಣಿ’ ಎಂಬ ಹೊಸ ಸಮಾಸಪದವನ್ನೂ ಕೊಟ್ಟವು. ಪ್ರಾಸಬದ್ಧವಾದ, ತೀಕ್ಷ್ಣವಾದ ಪದ ಅದು. ನಿಘಂಟಿನಲ್ಲಿ ಸ್ಥಾನ ಪಡೆಯಲು ಯೋಗ್ಯ. ಆದರೆ ಗಣಿಯ ಧಣಿಗೆ ಇಂಥ ಹೆಸರು ದೊರೆತಾಗ ಗಣಿಯ ಆಳಿಗೆ ಯಾವ ಹೆಸರು ದೊರೆಯಿತು? ಅದಿರು ಒಡೆದವಳು, ಆರಿಸಿದವಳು, ಲಾರಿ ತುಂಬಿದವನು, ಸ್ಫೋಟಕ್ಕೆ ಕುಳಿ ಕೊರೆದವನು ತಮ್ಮ ತಮ್ಮಲ್ಲಿ ಆಡಿಕೊಂಡ ಮಾತುಗಳು ಯಾವ ಕೋಶದಲ್ಲಿವೆ? ‘ಲೋಡು’, ‘ಪರ್ಮಿಟ್ಟು’, ‘ಫೈನ್ಸು’ ಮೊದಲಾದ ಇಂಗ್ಲಿಷ್ ಮಾತುಗಳು ಕನ್ನಡದ ಉಕಾರಾಂತವನ್ನು ಪಡೆದು ಆ ಸೀಮೆಯ ಆಡುಮಾತಿಗೆ ಸೇರಿವೆ. ಅದನ್ನು ಭಾಷೆ ಕೆಟ್ಟುಹೋದ ಲಕ್ಷಣವೆಂದು ಮೂಗು ಮುರಿಯುವುದು ಸುಲಭ. ಹೊಸ ಕೆಲಸವೊಂದು ಭಾಷೆಯೊಳಕ್ಕೆ ಹೇಗೆ ಪ್ರವೇಶಿಸುತ್ತದೆ ಎಂಬುದಕ್ಕೆ ಅದು ಜೀವಂತ ನಿದರ್ಶನ ಎಂದು ತಿಳಿದು ಗುರುತುಹಾಕಿಕೊಳ್ಳುವುದು ಭಾಷಾವಿದ್ಯಾರ್ಥಿಯ ಕೆಲಸ.

ಸಾಹಿತ್ಯ ಈ ಕೊರತೆಯನ್ನು ಒಂದಿಷ್ಟು ತುಂಬಿದೆ. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದಂಥ ಬರಹಗಳ ಮೂಲಕ ಆ ಸೀಮೆಯ ಮನೆಬದುಕು ಕನ್ನಡ ಓದುಗರಿಗೆ ಪರಿಚಿತವಾಗಿದೆ. ಅಲ್ಲಿಯ ಲಂಬಾಣಿ ಮಹಿಳೆಯರ ಕನ್ನಡಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದಿರಿನ ಹೊರತಾಗಿಯೂ ಸಂಡೂರಿಗೆ ಒಂದು ಹೆಸರುಂಟೆಂದು ಅದು ಸಾರುತ್ತದೆ. ಆದರೆ ಲೇಖಕರೊಬ್ಬರ ಪ್ರತಿಭೆಯ ಮೇಲೆ ಒಂದು ಊರಿನ ನೆನಪಿನ ಭಾರವನ್ನೆಲ್ಲ ಹೊರಿಸುವುದು ಸರಿಯಲ್ಲ. ಕಥೆಗಾರ ತನಗೆ ಬೇಕಾದುದನ್ನು ಆಯ್ದುಕೊಳ್ಳುತ್ತಾನೆ. ಉಳಿದುದನ್ನು ಆಯ್ದಿಡುವುದು ವಿದ್ಯಾರ್ಥಿಯ, ಸಂಶೋಧಕನ ಹೊಣೆ.

ನುಡಿಯ ದಾಖಲೆಗೆ ಎಷ್ಟು ಬೆಲೆಯುಂಟೆಂಬುದನ್ನು ಬಳ್ಳಾರಿಯ ಇನ್ನೊಂದು ಪ್ರಸಂಗ ತಿಳಿಸುತ್ತದೆ. ಗಣಿಗಾರಿಕೆಯ ಭರಾಟೆಯಲ್ಲಿ ಕರ್ನಾಟಕ ಮತ್ತು ಆಂಧ್ರಗಳ ನಡುವಣ ಗಡಿಗುರುತುಗಳೇ ನಾಶವಾದವು. ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿ ನೆಲಸಮವಾಯಿತು. ಸಂಡೂರು ತಾಲ್ಲೂಕಿನ ತುಮಟಿ, ವಿಠಲಾಪುರ ಗ್ರಾಮಗಳ ನೆಲ ಎಲ್ಲಿಗೆ ಮುಗಿಯುತ್ತದೆ ಎಂಬುದೇ ವಿವಾದವಾಗಿ, ಗಡಿಯನ್ನು ಮತ್ತೆ ಅಳೆಯುವ ಕೆಲಸ ಭಾರತೀಯ ಸರ್ವೇಕ್ಷಣ ಇಲಾಖೆಯ ಪಾಲಿಗೆ ಬಂದಿತು. ಕಲ್ಲು ಕಿತ್ತುಹೋದಾಗ ಉಳಿಯುವ ಸಾಕ್ಷ್ಯಗಳಲ್ಲಿ ಹೊಲದ ಹೆಸರು, ಹಳ್ಳದ ಹೆಸರು, ಗುಡಿಯ ಹೆಸರು, ಹಿರಿಯರ ಮಾತು ಸೇರಿವೆ. ಸ್ಥಳನಾಮ ಅಧ್ಯಯನವನ್ನು ಅಂಕಗಳಿಗಾಗಿ ಓದುವ ನಾವು, ಹೆಸರೂ ಒಂದು ಗಡಿಕಲ್ಲೆಂಬುದನ್ನು ಮರೆಯಬಾರದು.

ನಮ್ಮ ಸೀಮೆಗೆ ಅದಿರಿನ ಬೆಟ್ಟಗಳಿಲ್ಲ. ಆದರೆ ಊರು ಕಳೆದುಕೊಳ್ಳುವುದೆಂದರೇನೆಂಬ ಅರಿವು ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ನೆಲ ಅದಿರಿತು. ಲಾತೂರು ಮತ್ತು ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ ಸಾವಿರಾರು ಜನ ಮಣ್ಣುಪಾಲಾದರು. ಅತಿಯಾಗಿ ನಾಶವಾದ ಹಳ್ಳಿಗಳನ್ನು ಬೇರೆ ಜಾಗಗಳಲ್ಲಿ, ನೇರ ಬೀದಿಗಳ ಸಾಲು ಮನೆಗಳಾಗಿ ಮತ್ತೆ ಕಟ್ಟಲಾಯಿತು. ಹಳೆಯ ಊರಿನ ಓಣಿ, ಕಟ್ಟೆ, ಬಾವಿ, ವಾಡೆಗಳ ಹೆಸರುಗಳು ಹೊಸ ಊರಿಗೆ ತಾವಾಗಿಯೇ ಬಂದು ಸೇರಲಾರವು. ಅವು ಇಂದು ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಆ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಭೂಕಂಪ ಹೇಳಿ ಬರಲಿಲ್ಲ. ಗಣಿಯ ಮುಕ್ತಾಯವಾದರೋ ಮೊದಲೇ ತಿಳಿದಿರುತ್ತದೆ. ಗುತ್ತಿಗೆಯ ಕಾಗದದಲ್ಲಿ ಅದರ ಅವಧಿಯೇ ಬರೆದಿರುತ್ತದೆ. ಗೊತ್ತಿದ್ದೂ ಸಿದ್ಧರಾಗದಿರುವುದಕ್ಕೆ ಕ್ಷಮೆಯಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಇದು ಇತಿಹಾಸ ಅಥವಾ ಭೂವಿಜ್ಞಾನ ವಿಭಾಗದ ಕೆಲಸ, ಸಾಹಿತ್ಯ ವಿದ್ಯಾರ್ಥಿಗೆ ಏಕೆ ಎಂಬುದು. ಇದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಉಮರಗಾದಿಂದ ಬಸವಕಲ್ಯಾಣ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರು ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂದು ತಮ್ಮ ಕಾಯಕದ ಹೆಸರಿನಿಂದಲೇ ಇಂದಿಗೂ ಪ್ರಸಿದ್ಧರು. ದೋಣಿ, ಬಿದಿರು, ಹಗ್ಗ, ಅಕ್ಕಿಗಳ ಭಾಷೆ ಅನುಭಾವದ ಭಾಷೆಯಾದದ್ದು ಅವರಿಂದ. ಕಾಯಕದ ನುಡಿಯನ್ನು ಹೊರಗಿಟ್ಟರೆ ವಚನ ಸಾಹಿತ್ಯದ ಅರ್ಧಭಾಗ ನಮಗೆ ಅರ್ಥವಾಗದು. ಹನ್ನೆರಡನೆಯ ಶತಮಾನದ ಕಾಯಕ ಸಾಹಿತ್ಯವಾಗುವುದಾದರೆ ಇಪ್ಪತ್ತೊಂದನೆಯ ಶತಮಾನದ ಕಾಯಕ ಏಕೆ ಆಗಬಾರದು?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಗಣಿಯ ಕೆಲಸಗಾರನಿಗೆ ಬೇಕಾದುದು ಕೂಲಿ, ಆರೋಗ್ಯ, ಕುಡಿಯುವ ನೀರು. ಪದಕೋಶದಿಂದ ಅವನಿಗೇನು ಲಾಭ ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ಹಳೆಯ ಕುಲುಮೆಯ ಬದುಕನ್ನು ಸುಂದರವಾಗಿ ಬಣ್ಣಿಸುವವರು ಅದರ ಬಡತನವನ್ನೂ ಜಾತಿಯ ಕಟ್ಟನ್ನೂ ಮರೆಯುತ್ತಾರೆ. ಅಂಥ ಬಣ್ಣನೆ ನಮಗೆ ಬೇಡ. ಆದರೆ ಪದ ಸಂಗ್ರಹವೆಂದರೆ ಬರಿಯ ಪದಗಳ ಪಟ್ಟಿಯಲ್ಲ. ದೂಳಿನಿಂದ ಬರುವ ಕೆಮ್ಮಿಗೆ ಜನ ಏನೆನ್ನುತ್ತಾರೆ, ಮೇಸ್ತ್ರಿ ಕೂಲಿಯಲ್ಲಿ ಹಿಡಿದುಕೊಳ್ಳುವ ಪಾಲಿಗೆ ಯಾವ ಹೆಸರು, ಹಳ್ಳದ ನೀರು ಕೆಂಪಾದುದನ್ನು ಹೇಗೆ ಹೇಳುತ್ತಾರೆ ಎಂದು ಬರೆದುಕೊಂಡಾಗ ಅದು ತಾನಾಗಿಯೇ ದೂರಿನ ಭಾಷೆಯೂ ಆಗುತ್ತದೆ. ತನ್ನ ನೋವಿಗೆ ತನ್ನ ಭಾಷೆಯಲ್ಲಿ ದಾಖಲೆ ಇಲ್ಲದವನು ಪ್ರತಿ ಕಚೇರಿಯಲ್ಲಿಯೂ ಇನ್ನೊಬ್ಬನ ಅನುವಾದವನ್ನು ನಂಬಬೇಕಾಗುತ್ತದೆ. ಗಡಿಭಾಗದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆ ಸರಳವಾದುದು. ಐಚ್ಛಿಕ ಕನ್ನಡದ ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕಸುಬನ್ನು ಆರಿಸಿಕೊಳ್ಳಲಿ. ಕಬ್ಬಿಣದಿಂದಲೇ ಆರಂಭಿಸಬಹುದು. ಕಮ್ಮಾರನ ಕುಲುಮೆ ಇನ್ನೂ ಉರಿಯುತ್ತಿರುವಲ್ಲಿ ಹೋಗಿ ಕುಳಿತು ಐವತ್ತು ಪದಗಳನ್ನು ಬರೆದುಕೊಳ್ಳಲಿ. ನಮ್ಮ ‘ತಿದಿ’ ಮರಾಠಿಯಲ್ಲಿ ‘ಭಾತಾ’, ‘ಅಡಿಗಲ್ಲು’ ‘ಐರಣ’, ‘ಸುತ್ತಿಗೆ’ ‘ಹಾತೋಡಾ’, ‘ಇಕ್ಕಳ’ ‘ಸಾಂಡಶಿ’. ಒಂದು ಕುಲುಮೆಯಲ್ಲಿ ಇವುಗಳಲ್ಲಿ ಯಾವ ಪದ ಕೇಳಿಬರುತ್ತದೆ, ಎರಡೂ ಕೇಳಿಬಂದರೆ ಯಾರೊಡನೆ ಯಾವುದು ಎಂಬುದನ್ನು ಗಮನಿಸಲಿ. ಅಡಕೆ ಕತ್ತರಿಸುವ ಕಬ್ಬಿಣದ ಸಾಧನ ಕನ್ನಡದ ‘ಅಡಕೊತ್ತು’. ಮರಾಠಿಯಲ್ಲಿ ಅದು ‘ಅಡಕಿತ್ತಾ’ ಆಗಿ ಮನೆಮನೆಯಲ್ಲಿದೆ. ಗಡಿಯನ್ನು ದಾಟುವಾಗ ಈ ಪದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಪದದ ಎದುರಿಗೆ ಅರ್ಥವನ್ನಷ್ಟೇ ಬರೆದರೆ ಸಾಲದು. ಹೇಳಿದವರ ಒಪ್ಪಿಗೆ ಪಡೆದು ಅವರ ಊರು, ವಯಸ್ಸು, ಅವರು ಆ ಪದವನ್ನು ಬಳಸಿದ ಒಂದು ವಾಕ್ಯ ಇವುಗಳನ್ನು ಅವರ ಉಚ್ಚಾರಣೆಯಲ್ಲಿಯೇ ದಾಖಲಿಸಬೇಕು. ವಾಕ್ಯದಲ್ಲಿ ಮಾತ್ರ ಪದ ಜೀವಂತವಾಗಿರುತ್ತದೆ.

ಹೀಗೆ ಕೈ ಪಳಗಿದ ಮೇಲೆ ವಿಭಾಗದ ಅಧ್ಯಯನ ಪ್ರವಾಸ ಹಂಪಿಯ ದೇಗುಲಗಳನ್ನು ನೋಡಿ ಹಿಂದಿರುಗುವ ಬದಲು ಒಂದು ದಿನ ಸಂಡೂರಿನಲ್ಲಿಯೂ ನಿಲ್ಲಲಿ. ಕುಮಾರಸ್ವಾಮಿ ಬೆಟ್ಟದ ಪ್ರಾಚೀನ ದೇವಾಲಯಗಳನ್ನು ನೋಡಿದವರು ಬೆಟ್ಟವಿಳಿದು ಸಂತೆಗೂ ಹೋಗಲಿ. ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರಲ್ಲಿ ‘ನಿಮ್ಮ ಕಾಲದಲ್ಲಿ ಇದನ್ನು ಏನೆನ್ನುತ್ತಿದ್ದಿರಿ?’ ಎಂದು ಕೇಳಲಿ. ಆಲ್ಪ್ಸ್‌ನ ಊರಿನವರು ಗಣಿ ಮುಚ್ಚಿದ ಮೇಲೆ ಮಾಡಿದ ಕೆಲಸವನ್ನು ಸಂಡೂರಿನಲ್ಲಿ ಗಣಿ ನಡೆಯುತ್ತಿರುವಾಗಲೇ ಮಾಡಲು ಸಾಧ್ಯವಿದೆ, ಏಕೆಂದರೆ ಹೇಳುವವರು ಇನ್ನೂ ಇದ್ದಾರೆ. ಅದಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಒಂದು ನೋಟುಬುಕ್ಕು, ಕೇಳುವ ತಾಳ್ಮೆ, ಹಳಗನ್ನಡ ವ್ಯಾಕರಣದಿಂದ ಪಡೆದ ಒಂದಿಷ್ಟು ಸೂಕ್ಷ್ಮ ಕಿವಿ ಇದ್ದರೆ ಸಾಕು. ಇವು ಮೂರೂ ನಮ್ಮ ವಿದ್ಯಾರ್ಥಿಗಳಲ್ಲಿ ಇವೆ.